ರೂಟರ್‌ಗೆ ಹಚ್ಚಿದ ವಿಭೂತಿ

ಭಯಕ್ಕೆ ಗಾತ್ರ ಮುಖ್ಯವಲ್ಲ ಎನ್ನುವುದಕ್ಕೆ ನಾನೇ ಸಾಕ್ಷಿ. ಬೆಟ್ಟದ ದಾರಿಯಲ್ಲಿ ಒಂಟಿ ಆನೆ ಬಸ್ಸಿಗೆ ಅಡ್ಡ ನಿಂತಾಗಲೂ ಕಡಲೇಕಾಯಿ ತಿನ್ನುತ್ತಾ ಕೂತಿದ್ದವನು ನಾನು. ಆದರೆ ಅಂಗಡಿಯ ಗೂಡಿನಲ್ಲಿರುವ ಹಳೆಯ ರೂಟರ್‌ನ ದೀಪ ಆರಿತೆಂದರೆ ತೂಗುತ್ತಿದ್ದ ಅಕ್ಕಿಯನ್ನೂ ಬಿಟ್ಟು ಅದರ ಬಳಿ ಓಡುತ್ತೇನೆ. ಬಂಡಳ್ಳಿ ಕಡೆಯ ಹಳ್ಳಿಯೊಂದರಲ್ಲಿ ನಾನು ರೇಷನ್ ಅಂಗಡಿ ನಡೆಸುತ್ತೇನೆ. ಹೆಬ್ಬೆಟ್ಟು ಒತ್ತಿದರೆ ಅಕ್ಕಿ. ಆ ಹೆಬ್ಬೆಟ್ಟನ್ನು ಸರ್ಕಾರಕ್ಕೆ ಮುಟ್ಟಿಸುವುದು ಈ ಡಬ್ಬಿ. ಮೊಬೈಲ್‌ನಲ್ಲಿ ಮಾತಾಡುವಷ್ಟು ಸಿಗ್ನಲ್ ಸಿಕ್ಕರೆ ನಮ್ಮೂರಿನ ಪುಣ್ಯ, ಹೆಬ್ಬೆಟ್ಟು ಹೋಗುವಷ್ಟು ಸಿಗುವುದಿಲ್ಲ. ಹಾಗಾಗಿ ಊರಿನವರಿಗೆ ಡಬ್ಬಿಯ ಮೇಲೆ ಭಕ್ತಿ. ಮಾದಪ್ಪನ ಬೆಟ್ಟಕ್ಕೆ ಹೋಗಿ ಬಂದವರು ತಕ್ಕಡಿಗೆ ವಿಭೂತಿ ಹಚ್ಚುವಾಗ ಅದಕ್ಕೂ ಒಂದು ಗೆರೆ ಎಳೆಯುತ್ತಾರೆ. ನನ್ನದು ಭಕ್ತಿಯಲ್ಲ, ಬರೀ ಭಯ; ಆದ್ದರಿಂದ ನಾನು ದಿನಾ ಎಳೆಯುತ್ತಿದ್ದೆ.

ಹೋದ ತಿಂಗಳ ಕೊನೆಯ ದಿನ ಅದು ಕೈಕೊಟ್ಟಿತು. ಸ್ವಿಚ್ ಹಾಕಿದರೆ ಹತ್ತಿಕೊಳ್ಳುತ್ತದೆ, ಒಂದು ಹೆಬ್ಬೆಟ್ಟು ಆಗುವಷ್ಟರಲ್ಲಿ ಆರಿಹೋಗುತ್ತದೆ. ಅವತ್ತು ಒತ್ತದವರಿಗೆ ಆ ತಿಂಗಳ ಅಕ್ಕಿ ಇಲ್ಲ. ಜಗುಲಿಯಲ್ಲಿ ಚೀಲ ಹಿಡಿದು ಕೂತವರಲ್ಲಿ ಮೊದಲಿನವರು ಪುಟ್ಟಮಾದಮ್ಮ. ಅವರ ಮನೆಯಲ್ಲಿ ದುಡಿಯುವವರು ಅವರೊಬ್ಬರೇ, ಉಣ್ಣುವವರು ಮನೆ ತುಂಬ.

"ಇವತ್ತು ಎಬ್ಬೆಟ್ಟು ಒತ್ನಿಲ್ಲ ಅಂದ್ರೆ ಅಕ್ಕಿ ಒಂಟೋಯ್ತದಾ ಸಾ?" ಎಂದು ಮೆಲ್ಲಗೆ ಕೇಳಿದರು.

ಕೊಳ್ಳೇಗಾಲದ ರಿಪೇರಿಯವನಿಗೆ ಫೋನ್ ಮಾಡಿದೆ. ಅವನು ಯಳಂದೂರಿನಲ್ಲಿ ಮದುವೆ ಊಟಕ್ಕೆ ಕೂತಿದ್ದ. ಅಡಾಪ್ಟರ್ ಬದಲಾಯಿಸಿ ನೋಡಿ ಎಂದು ಹೇಳಿ ಪಾಯಸದ ಕಡೆ ತಿರುಗಿದ. ಮನೆಯ ಸೆಟ್‌ಟಾಪ್ ಬಾಕ್ಸ್‌ನ ಅಡಾಪ್ಟರ್ ತಂದೆ. ಎರಡರ ಮೇಲೂ ಬರೆದಿರುವ ವೋಲ್ಟೇಜ್ ಒಂದೇ ಇದೆಯೇ ಎಂದು ಕನ್ನಡಕ ಒರೆಸಿಕೊಂಡು ನೋಡಿ, ಸಿಡಿದರೆ ಮುಖವಾದರೂ ಉಳಿಯಲಿ ಎಂದು ಬಾಗಿಲ ಕಡೆ ಮುಖ ತಿರುಗಿಸಿ ಸಿಕ್ಕಿಸಿದೆ. ಸಿಡಿಯಲಿಲ್ಲ, ಆದರೆ ದೀಪ ಮತ್ತೆ ಆರಿತು. ವೈರು ಕಿತ್ತು, ಒರೆಸಿ, ಹಾಕಿದೆ. ಆಗಲೂ ಆರಿತು. ಅಷ್ಟರಲ್ಲಿ ಜಗುಲಿಯಲ್ಲಿ ಒಬ್ಬೊಬ್ಬರೇ ಖಾಲಿ ಚೀಲ ಮಡಚತೊಡಗಿದ್ದರು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ, ಅದಕ್ಕೆ ನಿಜಕ್ಕೂ ಹೆದರಿದೆ.

ಬೇರೆ ದಾರಿ ಕಾಣದೆ, ಇನ್ನೊಂದು ಗೆರೆ ವಿಭೂತಿ ಎಳೆಯೋಣವೆಂದು ಡಬ್ಬಿಯ ಮೇಲೆ ಬೆರಳಿಟ್ಟೆ. ಬೆರಳು ಚುರ್ರೆಂದಿತು. ದೋಸೆ ಹೆಂಚಿನ ಹಾಗೆ ಕಾದಿತ್ತು. ಬಗ್ಗಿ ನೋಡಿದರೆ, ಗಾಳಿಯಾಡಲೆಂದು ಬಿಟ್ಟಿದ್ದ ತೂತುಗಳಲ್ಲಿ ಒಂದೂ ಕಾಣಿಸದು. ಎಲ್ಲದರಲ್ಲೂ ವಿಭೂತಿ ಗಾರೆಯಂತೆ ಕೂತಿತ್ತು. ಪಾಪ, ಪೂಜೆ ಮಾಡಿ ಮಾಡಿಯೇ ನಾವು ಅದರ ಉಸಿರು ಕಟ್ಟಿಸಿದ್ದೆವು.

ಕರೆಂಟ್ ತೆಗೆದು, ತಣ್ಣಗಾಗಲು ಬಿಟ್ಟು, ಹಳೇ ಟೂತ್‌ಬ್ರಷ್ಷಿನಿಂದ ತೂತುಗಳನ್ನು ಬಿಡಿಸಿದೆ. ಮತ್ತೆ ಚಾಲೂ ಮಾಡಿ ಉಸಿರು ಬಿಗಿಹಿಡಿದು ನಿಂತೆ. ಪುಟ್ಟಮಾದಮ್ಮನ ಹೆಬ್ಬೆಟ್ಟು ಹೋಯಿತು. ಅವರ ಹಿಂದಿನವರದೂ ಹೋಯಿತು. ದೀಪ ಆರಲಿಲ್ಲ.

ಚೀಲ ತುಂಬಿದ ಮೇಲೆ ಪುಟ್ಟಮಾದಮ್ಮ ಸೆರಗಿನ ಗಂಟು ಬಿಚ್ಚಿ ಬೆಟ್ಟದ ವಿಭೂತಿ ತೆಗೆದರು. ಮಾದಪ್ಪನೇ ಕಾಪಾಡಿದ ಎನ್ನುತ್ತಾ ಡಬ್ಬಿಯ ಕಡೆ ಕೈ ಚಾಚಿದರು. ನಾನು ನಡುವೆ ನುಗ್ಗಿ ಹಣೆ ಒಡ್ಡಿದೆ.

"ನಂಗೆ ಅಚ್ಚವ್ವ. ಎದ್ರಿಕೇಲಿ ಬೆಂದೋಗಿರದು ನಾನು."

ಅಂದಿನಿಂದ ಎಲ್ಲರೂ ನನಗೇ ಹಚ್ಚುತ್ತಾರೆ. ಡಬ್ಬಿ ತಣ್ಣಗಿದೆ. ಅದರ ದೀಪ ಒಮ್ಮೊಮ್ಮೆ ಮಿಣುಕಿದಾಗ ಮಾತ್ರ, ಪೂಜೆ ತಪ್ಪಿಸಿದ್ದಕ್ಕೆ ಮುನಿಸಿಕೊಂಡಿತೇ ಎಂಬ ಹೆದರಿಕೆಗೆ, ನನ್ನ ಹಣೆಯ ವಿಭೂತಿಯೆಲ್ಲ ಬೆವರಿನಲ್ಲಿ ಇಳಿದುಹೋಗುತ್ತದೆ.