ಬೀಗಿತ್ತಿಯ ಹೊಟ್ಟೆಯ ಹಾಡು

ಹಾಡಿನ ಅರ್ಥ ಹೇಳು ಎಂದರೆ ನನಗೆ ಈಗಲೂ ಅಂಗೈ ಬೆವರುತ್ತದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಆಗ ಪದ್ಯದ ಅರ್ಥವೆಂದರೆ ಮಾಸ್ತರು ಹಲಗೆಯ ಮೇಲೆ ಬರೆದದ್ದು. ನಮ್ಮ ತಲೆಯಲ್ಲಿ ಬೇರೆ ಏನಾದರೂ ಇದ್ದರೆ ಅದು ಅಲ್ಲಿಯೇ ಇರಬೇಕಿತ್ತು. ಗದ್ದೆ ನೆಡುವಾಗ, ಅಕ್ಕಿ ಕೇರುವಾಗ ಬೇಕಾದಷ್ಟು ಹಾಡು ಕಲಿತೆ. ಯಾರೂ ಅರ್ಥ ಕೇಳಲಿಲ್ಲ. ಅದಕ್ಕೇ ಚೆನ್ನಾಗಿ ಹಾಡಿದೆನೋ ಏನೋ.

ಈ ವರ್ಷ ಒಂಬತ್ತನೇ ತರಗತಿಯ ಮೊಮ್ಮಗಳು ಪಲ್ಲವಿಗೆ ಶಾಲೆಯಲ್ಲಿ ಒಂದು ಕೆಲಸ ಕೊಟ್ಟರು. ಮನೆಯಲ್ಲಿ ಹಾಡುವ ಹಾಡೊಂದನ್ನು ಬರೆದು ಅದರ ಧಾಟಿ, ಭಾವ, ಚಿತ್ರ ಗುರುತಿಸಬೇಕಂತೆ. ನಾನು ನಮ್ಮ ಹೊಳನಗದ್ದೆಯ ಕೇರಿಯಲ್ಲಿ ಬೀಗರನ್ನು ಹಂಗಿಸುವ ಹಾಡು ಹೇಳಿಕೊಟ್ಟೆ. ಮದುವೆಯಲ್ಲಿ ಗಂಡಿನವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಹಾಡುವುದು ಅದು. ಬೀಗಿತ್ತಿಯ ಹೊಟ್ಟೆ ಭತ್ತದ ಕಣಜ, ಎಷ್ಟು ಸುರಿದರೂ ತುಂಬದು. ಕಡೆಗೆ ನಾವು ಬಿತ್ತಲಿಕ್ಕೆ ಇಟ್ಟ ಹಿಡಿ ಭತ್ತವನ್ನೂ ಅದಕ್ಕೇ ಹಾಕಿದೆವು ಎಂದು ಹಾಡು ಮುಗಿಯುತ್ತದೆ. ಪಲ್ಲವಿ ‘ಭಾವ: ಹಾಸ್ಯ’ ಎಂದು ಬರೆಯಹೊರಟಳು. ನಾನು ತಡೆದೆ. ಆ ಬೀಜದ ಭತ್ತವೇ ಮದುಮಗಳು, ನಿನ್ನ ಅಮ್ಮನ ಮದುವೆಯಲ್ಲಿ ಆ ಸಾಲು ಬಂದಾಗ ನನಗೆ ದನಿಯೇ ಹೊರಡಲಿಲ್ಲ ಎಂದೆ. ಅವಳು ನನ್ನನ್ನು ನಂಬಿ ‘ದುಃಖ’ ಎಂದು ಬರೆದಳು. ಮಾಸ್ತರು ಕೆಂಪು ಗೀಟು ಎಳೆದು ಸೊನ್ನೆ ಕೊಟ್ಟರು.

‘ನೀನೇ ಬಂದು ಹೇಳು ಅಜ್ಜಿ’ ಎಂದು ನನ್ನನ್ನು ಕುಮಟೆಯ ತನ್ನ ಶಾಲೆಗೆ ಕರೆದುಕೊಂಡು ಹೋದಳು. ಶಿಕ್ಷಕರ ಕೋಣೆಯ ಬಾಗಿಲಿಗೆ ಒರಗಿ ನಿಂತು, ನೆಲ ನೋಡುತ್ತ ಹಾಡಿದೆ. ನನ್ನ ಗಂಡ ತೀರಿಹೋದ ಮೇಲೆ ಹೊರಗಿನವರೆದುರು ಮದುವೆಯ ಹಾಡಿಗೆ ಬಾಯಿ ತೆರೆದದ್ದು ಅದೇ ಮೊದಲು. ಕಣಜಕ್ಕೆ ಬರುವಷ್ಟರಲ್ಲಿ ಎಲ್ಲರೂ ನಗತೊಡಗಿದರು. ಕಡೆಯ ಸಾಲು ಆ ನಗೆಯಲ್ಲಿ ಮುಳುಗಿಹೋಯಿತು.

‘ನೀವೇ ಹೇಳಿ ಅಮ್ಮ, ಇದು ಹಾಸ್ಯವೇ ಅಲ್ವಾ?’ ಎಂದರು ಮಾಸ್ತರು.

ಹೇಳಬೇಕಾದದ್ದನ್ನೆಲ್ಲ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ‘ಹೌದು’ ಎಂದುಬಿಟ್ಟೆ.

ತಿರುಗಿ ಬರುವಾಗ ಪಲ್ಲವಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಊರು ಹತ್ತಿರ ಬಂದ ಮೇಲೆ ಕೇಳಿದಳು:

‘ಅಜ್ಜಿ, ನೀನು ಹೌದು ಅಂದ್ಯಲ್ಲ, ಅದರ ಭಾವ ಎಂತದು?’

‘ಹೆದರಿಕೆ ಅಂತ ಬರಿ. ಅದೊಂದಕ್ಕೆ ಪೂರ್ತಿ ಅಂಕ ಸಿಗ್ತದೆ.’

ನಗಿಸಲಿಕ್ಕೆಂದೇ ಹೇಳಿದ್ದೆ. ಅವಳು ನಗಲಿಲ್ಲ, ನನ್ನ ಕೈ ಹಿಡಿದುಕೊಂಡಳು. ಭಾವ ಗುರುತಿಸುವುದು ಆ ಹುಡುಗಿಗೆ ಚೆನ್ನಾಗಿ ಬರುತ್ತದೆ. ಸೊನ್ನೆ ಸಲ್ಲಬೇಕಾದದ್ದು ನನಗೆ.