ಎಡಕ್ಕೆ ಮಾತ್ರ ತಿರುಗುವ ಗಂಡ

ನಾನು ಹೊಟ್ಟೆ ಹೊರೆಯುವುದೇ ಚಿಲಕದಿಂದ. ಬೋಲ್ಟು, ಅಗುಳಿ, ಕೀಲು, ಬೀಗ, ಹಿಡಿಕೆ, ಹೀಗೆ ಬಾಗಿಲಿಗೆ ಬೇಕಾದದ್ದೆಲ್ಲ ನನ್ನ ಅಂಗಡಿಯಲ್ಲಿ ಸಿಗುತ್ತದೆ. ಇಂಥವನ ಕಾರಿನ ಬಾಗಿಲು ಮಾತ್ರ ಮುಚ್ಚಿದರೆ ಮುಚ್ಚಿಕೊಂಡು ಇರುವುದಿಲ್ಲ. ಮನೆಗೆ ಯಾರೇ ಬರಲಿ, ನನ್ನ ಹೆಂಡತಿ ಕಾಫಿ ಕೊಡುವ ಮೊದಲೇ ಈ ಸುದ್ದಿ ಬಡಿಸುತ್ತಾಳೆ. ಕಾಫಿ ಆರುತ್ತದೆ, ಅವಳ ಮಾತು ಆರುವುದಿಲ್ಲ.

ಕಾರು ಅಂಥಿಂಥದ್ದಲ್ಲ. ತಾತನ ಕಾಲದ ಗಾಡಿ. ಗುಜರಿಯಲ್ಲಿ ಕೋಳಿಗೂಡಾಗಿ ಬಿದ್ದಿದ್ದನ್ನು ಎತ್ತಿ ತಂದು, ಕೋಳಿಗಳನ್ನು ಗೌರವದಿಂದ ಬೀಳ್ಕೊಟ್ಟು, ಛಾವಣಿ ಕತ್ತರಿಸಿ ತಗ್ಗಿಸಿ, ಬಾನೆಟ್ಟನ್ನು ಕಿತ್ತೆಸೆದು, ಲಾರಿ ನಾಚುವಂಥ ಎಂಜಿನ್ ಕೂರಿಸಿ, ಕೆಂಪು ಬಣ್ಣ ಬಳಿದಿದ್ದೆ. ಇಂಥ ಗಾಡಿಗೆ ಹಾಟ್ ರಾಡ್ ಅನ್ನುತ್ತಾರೆ ಎಂದು ಹೆಂಡತಿಗೆ ಎದೆ ಉಬ್ಬಿಸಿ ಹೇಳಿದೆ.

"ಕಾದ ಸರಳು ತಾನೇ?" ಅಂದಳು. "ಹುಲೀನ ನೋಡಿ ನರಿ ಬರೆ ಹಾಕ್ಕೊಳ್ತಂತೆ. ಸದ್ಯ, ಸರಳು ಮನೇಲೇ ಇದೆ."

ಅಂದಿನಿಂದ ಅವಳು ಆ ಗಾಡಿಯನ್ನು ಕರೆಯುವುದು "ನನ್ನ ಸವತಿ" ಎಂದೇ.

ಸವತಿಯ ಬಾಗಿಲುಗಳದ್ದೇ ಒಂದು ವೈಶಿಷ್ಟ್ಯ. ಈಗಿನ ಕಾರುಗಳ ಹಾಗಲ್ಲ, ಕೀಲು ಹಿಂದಕ್ಕಿದೆ, ಚಿಲಕ ಮುಂದಕ್ಕಿದೆ. ನಿಂತಾಗ ಮಹಾರಾಜರ ಹಾಗೆ ಇಳಿಯಬಹುದು. ಓಡುವಾಗ ಅಪ್ಪಿತಪ್ಪಿ ತೆರೆದುಕೊಂಡರೆ ಮಾತ್ರ ಗಾಳಿ ಬಾಗಿಲನ್ನು ಹಿಡಿದು ರಪ್ಪನೆ ಹಿಂದಕ್ಕೆ ಎಸೆಯುತ್ತದೆ, ಮತ್ತೆ ಮುಚ್ಚಲು ಬಿಡುವುದಿಲ್ಲ. ಮೊದಲ ಸಲ ತೆರೆದಾಗ ಹೆಂಡತಿಯ ಚೀಲ ಬಿದ್ದು ಈರುಳ್ಳಿಯೆಲ್ಲ ರಸ್ತೆ ತುಂಬ ಉರುಳಿತು. ಎರಡನೇ ಸಲ ಅವಳ ಒಂದು ಚಪ್ಪಲಿ ಹೋಯಿತು. (ಇನ್ನೊಂದನ್ನು ಅವಳೇ ಎಸೆದಳು. ಅದು ಬಿದ್ದದ್ದು ನನ್ನ ಮೇಲೆ.) ಮೂರನೇ ಸಲ ಅರ್ಧ ಹೆಂಡತಿಯೇ ಹೊರಗಿದ್ದಳು. ಸೀಟಿನ ಬೆಲ್ಟು ಮಿಕ್ಕರ್ಧವನ್ನು ಹಿಡಿದಿತ್ತು. ಆ ದಿನ ನನ್ನ ಜೀವ ಬಾಯಿಗೆ ಬಂದಿತ್ತು. ಅವಳು ಬಯ್ಯಲಿಲ್ಲ. ಅವಳು ಬಯ್ಯದೆ ಇದ್ದರೆ ನನಗೆ ಇನ್ನೂ ಭಯ.

"ಹೊಸ ಚಿಲಕ ಹಾಕಿಸಿ," ಅಂತ ಅವಳು ಮೊದಲಿನಿಂದಲೂ ಹೇಳುತ್ತಿದ್ದಳು.

"ಮೂಲ ಚಿಲಕ ಕಿತ್ತರೆ ಗಾಡಿಯ ಮಾನ ಹೋಗುತ್ತೆ ಕಣೇ!" ಅಂತ ನಾನೂ ಮೊದಲಿನಿಂದಲೂ ಹೇಳುತ್ತಿದ್ದೆ.

ರಾಜಿ ಎಂದು ಒಮ್ಮೆ ಅವಳ ಬಾಗಿಲಿಗೆ ಒಳಗಿನಿಂದ ಬಚ್ಚಲಮನೆಯ ಬೋಲ್ಟು ಬಿಗಿದೆ. ಅವಳ ಗೆಳತಿಯ ಮನೆ ಮುಂದೆ ನಿಲ್ಲಿಸಿದಾಗ ಬೋಲ್ಟು ಜಪ್ಪಯ್ಯ ಅಂದರೂ ಬರಲಿಲ್ಲ. ಇಸ್ತ್ರಿ ಮಾಡಿದ ಹೊಸ ಬಟ್ಟೆಯಲ್ಲಿ ಅವಳು ಕಿಟಕಿಯಿಂದ ಹೊರಬಂದಳು. ಬೀದಿಯ ಜನ ಚಪ್ಪಾಳೆ ತಟ್ಟಿದರು. ಮರುದಿನ ಆ ಬೋಲ್ಟು ನನ್ನ ತಟ್ಟೆಯ ಪಕ್ಕದಲ್ಲಿತ್ತು.

ಅರ್ಧ ಹೆಂಡತಿ ಹೊರಗೆ ಹೋದ ಪ್ರಸಂಗದ ನಂತರ ತೀರ್ಪು ಬಂತು. ಊರಿನ ಹೋಟೆಲ್ ಸಾಹುಕಾರನೊಬ್ಬ ನನ್ನ ಗಾಡಿಯ ಮೇಲೆ ಕಣ್ಣು ಹಾಕಿದ್ದ. ಓಡಿಸುವುದಕ್ಕಲ್ಲ. ನಟ್ಟನಡುವೆ ಕೊಯ್ದು, ಮುಂದಿನ ಅರ್ಧವನ್ನು ತನ್ನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಜು ಮಾಡಿಕೊಳ್ಳುವುದಕ್ಕೆ! ಕೇಳಿದ ದಿನ ನನಗೆ ಅನ್ನ ಸೇರಲಿಲ್ಲ. ಹೆಂಡತಿ ಅವನಿಗೆ ಫೋನ್ ಮಾಡಿ ಭಾನುವಾರ ಸಂಜೆ ಬರಲು ಹೇಳಿಯೇಬಿಟ್ಟಳು.

"ಅವತ್ತು ಅಮ್ಮನ್ನ ಕರ್ಕೊಂಡು ಬರೋಣ," ಅಂದಳು. "ಅವರ ಮನೆ ಗೇಟಿಂದ ನಮ್ಮನೆ ಗೇಟಿನವರೆಗೆ ನನ್ನ ಬಾಗಿಲು ತೆರೀಬಾರದು. ಹಗ್ಗ, ತಂತಿ, ಬೋಲ್ಟು ಏನೂ ಕೂಡದು. ತೆರೀದಿದ್ರೆ ಗಾಡಿ ಇರಲಿ. ತೆರೆದ್ರೆ ಸಾಹುಕಾರ ಗರಗಸ ತರ್ತಾನೆ."

ನಾನು ಒಪ್ಪಿದೆ. ಯಾಕೆಂದರೆ ನನ್ನ ಬಳಿ ಒಂದು ಬ್ರಹ್ಮಾಸ್ತ್ರವಿತ್ತು. ಮೂರು ಸಲವೂ ಬಾಗಿಲು ತೆರೆದದ್ದು ಬಲಕ್ಕೆ ತಿರುಗುವಾಗ. ಬಲಕ್ಕೆ ತಿರುಗಿದರೆ ಗಾಡಿ ಎಡಕ್ಕೆ ವಾಲುತ್ತದೆ, ಎಡಗಡೆ ಕೂತ ಅವಳ ಭಾರ ಬಾಗಿಲ ಮೇಲೆ ಬೀಳುತ್ತದೆ, ಸವೆದ ಚಿಲಕ ಜಾರುತ್ತದೆ. ಅಂದರೆ, ಬಲಕ್ಕೇ ತಿರುಗದಿದ್ದರೆ? ಎಡಕ್ಕೆ, ಎಡಕ್ಕೆ, ಮತ್ತೆ ಎಡಕ್ಕೆ ತಿರುಗಿದರೂ ಕೊನೆಗೆ ಬಲಕ್ಕೆ ಹೋದಂತೆಯೇ ಅಲ್ಲವೇ? (ಎಡಕ್ಕೆ ತಿರುಗಿದಾಗ ನನ್ನ ಮೈ ನನ್ನ ಬಾಗಿಲಿಗೆ ಬಡಿಯುತ್ತದೆ, ನಿಜ. ಆದರೆ ನನ್ನ ಬಾಗಿಲು ಒಂದು ದಿನವೂ ತೆರೆದದ್ದಿಲ್ಲ. ಸುಮ್ಮನೆ ಇರುವವರ ಬಗ್ಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?)

ಭಾನುವಾರ ಅತ್ತೆ ಹಿಂದಿನ ಸೀಟಿನಲ್ಲಿ ಸರಿಯಾಗಿ ನನ್ನ ಬೆನ್ನ ಹಿಂದೆ ವಿರಾಜಮಾನರಾದರು. ಅತ್ತೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಪರೀಕ್ಷೆಯಲ್ಲಿ ನಕಲು ಹೊಡೆಯುವವರನ್ನು ಬರೀ ಬೆನ್ನು ನೋಡಿ ಹಿಡಿಯುತ್ತಿದ್ದರಂತೆ. ನನ್ನ ಬೆನ್ನು ಆಗಲೇ ಬೆವರಿತ್ತು.

"ಬೆಲ್ಟು ಹಾಕ್ಕೊಳ್ಳಿ ಅತ್ತೆ," ಅಂದೆ.

"ನೀವು ಹಾಕ್ಕೊಳ್ಳಲ್ವಾ ಅಳಿಯಂದಿರೇ?"

"ನನಗೆ ಸ್ಟೀರಿಂಗ್ ಇದೆಯಲ್ಲ!"

ಹೊರಟೆವು. ಮೊದಲ ಅಡ್ಡರಸ್ತೆಯಲ್ಲೇ ಬಲಕ್ಕೆ ತಿರುಗಬೇಕಿತ್ತು. ನೇರ ಹೋಗಿ ಎಡಕ್ಕೆ ತಿರುಗಿಸಿದೆ. ಹೆಂಡತಿ ನನ್ನ ಮುಖ ನೋಡಿದಳು. "ಆ ಕಡೆ ಟ್ರಾಫಿಕ್ಕು," ಅಂದೆ. ಮತ್ತೆ ಎಡಕ್ಕೆ ಹೋದೆ. ನೀರಿನ ಟ್ಯಾಂಕು ಬಂತು. ಮತ್ತೆ ಎಡಕ್ಕೆ ಹೋದೆ, ಔಷಧಿ ಅಂಗಡಿ ಬಂತು. ಬಾಗಿಲು ಗಡಗಡ ಅನ್ನುತ್ತಿತ್ತು, ನನ್ನ ಎದೆ ಅದಕ್ಕೆ ತಾಳ ಹಾಕುತ್ತಿತ್ತು. ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ಅವಳ ಚಿಲಕದ ಮೇಲೆ. ಚಿಲಕದ ನಾಲಿಗೆ ಪ್ರತಿ ಗುಂಡಿಗೂ ಕೂದಲೆಳೆಯಷ್ಟು ಆಚೆ ಸರಿಯುತ್ತಿತ್ತು, ಪ್ರತಿ ಎಡ ತಿರುವಿಗೂ ವಾಪಸು ಬರುತ್ತಿತ್ತು.

"ಅಳಿಯಂದಿರೇ, ಈ ನೀರಿನ ಟ್ಯಾಂಕು ಆಗಲೇ ನೋಡಿದ ಹಾಗಿದೆಯಲ್ಲ?"

"ಎಲ್ಲಾ ಬಡಾವಣೇಲೂ ಒಂದೇ ತರ ಕಟ್ತಾರೆ ಅತ್ತೆ."

"ಅದರ ಮೇಲೆ ಒಣಗಾಕಿರೋ ನೀಲಿ ಅಂಗೀನೂ ಒಂದೇ ತರ ಇದೆ."

ಹೆಂಡತಿ ನಗಲಿಲ್ಲ. "ರೀ, ಮನೆ ದಾರಿ ಮರೆತ್ರಾ?"

"ಊರು ತೋರಿಸ್ತಾ ಇದೀನಿ."

"ಅಮ್ಮ ಇದೇ ಊರಲ್ಲಿ ಮೂವತ್ತು ವರ್ಷ ಪಾಠ ಮಾಡಿದ್ದಾರೆ ರೀ."

ಇಷ್ಟರಲ್ಲಿ ನನ್ನ ಕರ್ಮಕ್ಕೆ ಎಡಗಡೆಯ ರಸ್ತೆ ಅಗೆದು ಹಾಕಿದ್ದರು. ಅಡ್ಡಲಾಗಿ ಹಲಗೆ. ಎದುರಿಗೆ ಗೋಡೆ. ಹಿಂದೆ ಹಾರ್ನ್ ಬಾರಿಸುತ್ತಿದ್ದ ಬಸ್ಸು. ಉಳಿದದ್ದು ಬಲಗಡೆ ಮಾತ್ರ. ಗರಗಸದ ಸದ್ದು ಕಿವಿಯಲ್ಲೇ ಕೇಳಿಸಿತು. ಅದಕ್ಕಿಂತ ಹೆಚ್ಚಾಗಿ ಆ ದಿನ ಅರ್ಧ ಹೊರಗಿದ್ದ ಅವಳ ಮುಖ ಕಣ್ಣ ಮುಂದೆ ಬಂತು. ಅವಳ ಬೆಲ್ಟು ಗಟ್ಟಿಯಾಗಿದೆಯಾ ಎಂದು ಎಳೆದು ನೋಡಿದೆ. ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದೆ, ಇನ್ನೊಂದು ಕೈಯನ್ನು ಅವಳ ಮಡಿಲ ಮೇಲಿಂದ ಚಾಚಿ ಬಾಗಿಲು ಹಿಡಿದೆ.

"ಏನ್ರೀ ಇದು, ಅಮ್ಮ ಇದ್ದಾರೆ!"

"ಸುಮ್ನಿರೇ, ಇದು ಪ್ರೀತಿ ಕಣೇ!"

ಇರುವೆ ನಡೆದಷ್ಟು ನಿಧಾನವಾಗಿ ಬಲಕ್ಕೆ ತಿರುಗಿಸಿದೆ. ಗಾಡಿ ವಾಲಿತು. ಚಿಲಕ ಕಿರ್ ಅಂತು. ನಾಲಿಗೆ ಜಾರಿತು, ಜಾರಿತು, ತುದಿಯಲ್ಲಿ ನಿಂತಿತು. ಬಸ್ಸಿನವನು ನನ್ನ ವಂಶದ ಹಿರಿಯರನ್ನೆಲ್ಲ ನೆನೆಯುತ್ತಿದ್ದ. ರಸ್ತೆ ನೇರವಾಯಿತು. ನಾಲಿಗೆ ಟಕ್ ಎಂದು ಒಳಗೆ ಕೂತಿತು.

ಗೆದ್ದೆ! ಇನ್ನು ಉಳಿದದ್ದು ಒಂದೇ ತಿರುವು. ಅದೂ ಎಡಕ್ಕೆ, ನಮ್ಮ ಬೀದಿಗೆ. ಗೇಟಿನ ಮುಂದೆ ಅಳತೆಪಟ್ಟಿ ಹಿಡಿದು ನಿಂತ ಹೋಟೆಲ್ ಸಾಹುಕಾರ ದೂರದಿಂದಲೇ ಕಂಡ. ಅವನ ಮುಖಕ್ಕೆ ಹೊಗೆ ಬಿಟ್ಟೇ ಒಳಗೆ ಹೋಗುತ್ತೇನೆ ಅಂದುಕೊಂಡೆ. ಸ್ವಲ್ಪ ಜೋರಾಗಿಯೇ ತುಳಿದು, ಠೀವಿಯಿಂದ ಎಡಕ್ಕೆ ತಿರುಗಿಸಿದೆ.

ಅವತ್ತು ನಾನು ಎಷ್ಟು ಸಲ ಎಡಕ್ಕೆ ತಿರುಗಿದ್ದೆನೋ, ಅಷ್ಟು ಸಲವೂ ನನ್ನ ಭುಜ ನನ್ನ ಬಾಗಿಲಿಗೆ ಗುದ್ದಿತ್ತು. ಒಂದು ದಿನವೂ ಬಾಯಿ ಬಿಡದ ಆ ಬಾಗಿಲು ಆಗ ಬಾಯಿ ಬಿಟ್ಟಿತು. ರಪ್! ಗಾಳಿ ಅದನ್ನು ಹಿಂದಕ್ಕೆ ಎಸೆಯಿತು, ತಿರುವು ನನ್ನನ್ನು ಹೊರಕ್ಕೆ ಎಸೆಯಿತು. ಪಕ್ಕದ ಮನೆಯವರು ರಿಪೇರಿಗೆಂದು ಸುರಿಸಿದ್ದ ಮರಳಿನ ರಾಶಿಯೊಳಗೆ ನಾನು ಸೊಂಟದವರೆಗೆ ಹೂತುಹೋದೆ. ಸದ್ಯ, ಸೊಂಟದಿಂದ ಮೇಲೆ ಹೊರಗಿತ್ತು.

ಗಾಡಿ ಮಾತ್ರ ನನ್ನನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಒಳಗೆ ಹೆಂಡತಿ, ಅತ್ತೆ. "ಬ್ರೇಕ್! ಬ್ರೇಕ್ ತುಳಿಯೇ!" ಎಂದು ಕಿರುಚಿದೆ. ಬಾಯಿಗೆ ಮರಳು ಬಂತು. ಆ ಗಳಿಗೆಯಲ್ಲಿ ಗಾಡಿ ನನಗೆ ಬೇಡವೇ ಬೇಡವಾಗಿತ್ತು. ಕೊಯ್ಯಲಿ, ಸುಡಲಿ, ಗಲ್ಲಾಪೆಟ್ಟಿಗೆಯಾಗಲಿ, ಅವರಿಬ್ಬರು ಉಳಿದರೆ ಸಾಕಪ್ಪಾ ಎಂದು ಕೈ ಮುಗಿದೆ.

ಬೆಲ್ಟು ಬಿಚ್ಚಿ ನನ್ನ ಸೀಟಿಗೆ ಜಾರಿದ ಹೆಂಡತಿ ಬ್ರೇಕು ತುಳಿಯಲಿಲ್ಲ. ಗೇರು ಬದಲಾಯಿಸಿದಳು! ಲೈಸೆನ್ಸು ತೆಗೆದುಕೊಂಡು ವರ್ಷಗಳಾಗಿದ್ದರೂ ನಾನು ಅವಳಿಗೆ ಈ ಸ್ಟೀರಿಂಗ್ ಒರೆಸಲು ಮಾತ್ರ ಕೊಟ್ಟಿದ್ದೆ. ಸಾಹುಕಾರ ಅಳತೆಪಟ್ಟಿ ಎಸೆದು ಗೋಡೆಗೆ ಅಂಟಿಕೊಂಡ. ನಾನು ಹಿಂದೆ ಮುಂದೆ ಹತ್ತು ಸಲ ಸರ್ಕಸ್ ಮಾಡಿ ಒಳಗೆ ತೂರಿಸುವ ಗೇಟಿನೊಳಗೆ ಅವಳು ಒಂದೇ ಸಲಕ್ಕೆ, ತೆರೆದ ಬಾಗಿಲೂ ತಾಗದ ಹಾಗೆ ನುಗ್ಗಿಸಿ ನಿಲ್ಲಿಸಿದಳು.

ನಾನು ಕುಂಟುತ್ತಾ, ಮರಳು ಉದುರಿಸುತ್ತಾ ಬಂದೆ. ಅವಳು ಓಡಿ ಬಂದು ನನ್ನ ತಲೆ, ಕೈ, ಕಾಲು ಎಲ್ಲ ಮುಟ್ಟಿ ನೋಡಿದಳು. ಕಣ್ಣು ತುಂಬಿತ್ತು. ಎಲ್ಲ ಸರಿ ಇದೆ ಎಂದು ಖಾತ್ರಿಯಾದ ಮೇಲೆ ಬಯ್ಯಲು ಶುರು ಮಾಡಿದಳು. ನನಗೆ ಹೋದ ಜೀವ ಬಂದಂತಾಯಿತು.

"ಹಾಗಾದ್ರೆ ಗಾಡಿ ನನಗೇ ತಾನೇ ಅಮ್ಮ?" ಎಂದ ಸಾಹುಕಾರ.

"ನನ್ನ ಬಾಗಿಲು ತೆರೀಲಿಲ್ಲ," ಅಂದಳು ಹೆಂಡತಿ. "ಮಾತು ಅಂದ್ರೆ ಮಾತು. ಗಾಡಿ ಕೊಡಲ್ಲ."

ನಾನು ಅವಳ ಕಾಲಿಗೆ ಬೀಳುವುದೊಂದು ಬಾಕಿ. "ನೀನು ದೇವತೆ ಕಣೇ!" ಅಂದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಗಾಡಿಯ ಬಿಸಿ ಮೈಮೇಲೆ ಕೈಯಾಡಿಸುತ್ತಿದ್ದಳು. ಆಮೇಲೆ ನನ್ನ ಮುಂದೆ ಅಂಗೈ ಚಾಚಿದಳು.

"ಕೀ ಕೊಡಿ."

"ಗಾಡಿಯಲ್ಲೇ ಇದೆಯಲ್ಲ."

"ಇನ್ನೊಂದು ಕೀ."

ಆಮೇಲಿನ ಸುದ್ದಿ ಚುಟುಕು. ಸವತಿಯರು ಒಂದಾದರು. ಬಲಗಡೆ ಬಾಗಿಲಿಗೆ ಭರ್ಜರಿ ಹೊಸ ಚಿಲಕ ಬಂದಿದೆ, ನನ್ನ ಅಂಗಡಿಯ ಸಪ್ಲೈಯರ್ ಕಡೆಯಿಂದಲೇ ತರಿಸಿದ್ದು. ಎಡಗಡೆಗೂ ಒಂದು ಹಾಕಿಸೇ ಎಂದು ಗೋಗರೆದೆ.

"ಮೂಲ ಚಿಲಕ ಕಿತ್ತರೆ ಗಾಡಿಯ ಮಾನ ಹೋಗುತ್ತೆ ಅಂತ ನೀವೇ ಅಂದಿದ್ರಲ್ಲ ರೀ," ಅಂದಳು.

ಈಗ ದಿನಾ ಬೆಳಿಗ್ಗೆ ನನ್ನನ್ನು ಅಂಗಡಿಗೆ ಬಿಡುವವಳು ಅವಳೇ. ನಾನು ಎಡಗಡೆ, ಬೆಲ್ಟು ಬಿಗಿದು, ಎರಡೂ ಕೈಯಲ್ಲಿ ಬಾಗಿಲು ಅಪ್ಪಿಕೊಂಡು ಕೂತಿರುತ್ತೇನೆ. ಮನೆಯಿಂದ ಅಂಗಡಿಗೆ ಒಂದೇ ತಿರುವು, ಅದೂ ಎಡಕ್ಕೆ. ಇವತ್ತು ಅವಳು ಅದನ್ನು ಬಿಟ್ಟು ಬಲಕ್ಕೆ ತಿರುಗಿಸಿದಳು. ಮತ್ತೆ ಬಲಕ್ಕೆ. ಮತ್ತೆ ಬಲಕ್ಕೆ.

"ಎಲ್ಲಿಗೆ ಹೋಗ್ತಿದ್ದೀಯೇ?" ಎಂದು ಚೀರಿದೆ.

"ಊರು ತೋರಿಸ್ತಾ ಇದೀನಿ," ಅಂದಳು.

ಹಿಂದಿನ ಸೀಟಿನಿಂದ ಅತ್ತೆ ಮುಂದಕ್ಕೆ ಬಾಗಿ, ನೀಲಿ ಅಂಗಿ ಇನ್ನೂ ಒಣಗಿಲ್ಲ ಎಂದರು.