ಟ್ಯಾಂಕಿನ ಬುಡ ಮುಟ್ಟುವ ಮಾವಯ್ಯ

ಬೈಂದೂರಿನಿಂದ ಬ್ರಹ್ಮಾವರದವರೆಗಿನ ಹೆದರುಪುಕ್ಕಲರನ್ನೆಲ್ಲ ಕರೆದು ಒಂದು ಸ್ಪರ್ಧೆ ಇಟ್ಟರೆ ಮೊದಲ ಬಹುಮಾನ ನಮ್ಮ ಮಾವಯ್ಯನಿಗೇ. ಅನುಮಾನವೇ ಬೇಡ! ಆದರೆ ಬಹುಮಾನ ತೆಗೆದುಕೊಳ್ಳಲು ಅವರು ವೇದಿಕೆ ಹತ್ತುವುದಿಲ್ಲ. ಮೊದಲು ವೇದಿಕೆಯ ಅಡಿಗೆ ನುಗ್ಗಿ, ಹಲಗೆ ಹೊತ್ತ ಕಂಬಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡುತ್ತಾರೆ. ಅಷ್ಟರಲ್ಲಿ ವಂದನಾರ್ಪಣೆ ಮುಗಿದು ಜನ ಮನೆಗೆ ಹೋಗಿರುತ್ತಾರೆ.

ಮಾವಯ್ಯ ಎಂದರೆ ನನ್ನ ಅಮ್ಮನ ತಮ್ಮ. ಮನೆ ಯಡ್ತರೆಯಲ್ಲಿ. ಕಸುಬು ಏನು ಅಂತೀರಾ? ಮೀನುಗಾರಿಕೆ ದೋಣಿಗಳ ಡೀಸೆಲ್ ಟ್ಯಾಂಕ್ ಪರೀಕ್ಷೆ ಮಾಡುವುದು, ಹಳತಾಗಿದ್ದರೆ ಕಿತ್ತು ಹೊಸದು ಕೂರಿಸುವುದು. ಮುಂಬೈಯ ಬಂದರಿನಲ್ಲಿ ವೆಲ್ಡಿಂಗ್ ಕಲಿತು ಬಂದವರು. ಕಲಿತು ಬಂದದ್ದು ಕೆಲಸವೋ ಭಯವೋ ಎಂದು ನನ್ನ ಅಮ್ಮನಿಗೆ ಇವತ್ತಿಗೂ ಸಂಶಯವಿದೆ.

ಮಾವಯ್ಯ ಬೈಕ್ ಹತ್ತುವುದಿಲ್ಲ. "ಪೆಟ್ರೋಲ್ ಟ್ಯಾಂಕ್ ಮಡಿಲಲ್ ಇಟ್ಕಂಡ್ ಕೂಕಂಬುದಾ? ನಾನೆಂತ ಮಳ್ಳನಾ?" ಎನ್ನುತ್ತಾರೆ. ಹಾಗಾಗಿ ಎಲ್ಲಿಗೆ ಹೋಗುವುದಿದ್ದರೂ ಬಸ್ಸೇ. ಬಸ್ಸಿಗೂ ಸುಮ್ಮನೆ ಹತ್ತುವವರಲ್ಲ. ಒಮ್ಮೆ ತಲ್ಲೂರಿನಲ್ಲಿ ಬಾಗಿಲ ಕಂಬಿ ಹಿಡಿದು ನಿಂತು, "ಹ್ವಾಯ್, ಈ ಬಸ್ಸಿಂದ್ ಡೀಸೆಲ್ ಟ್ಯಾಂಕ್ ಯಾವ್ ಬದಿಗಿತ್ತ್?" ಎಂದು ಕೇಳಿದರು. ಕಂಡಕ್ಟರ್, "ನಂಗ್ ಗೊತ್ತಿಲ್ಲ ಮಾರಾಯ್ರೆ, ನಾನ್ ಟಿಕೆಟ್ ಕೊಡೂದ್ ಮಾತ್ರ! ಹತ್ತಿ ಬೇಗ!" ಎಂದ. ಮಾವಯ್ಯ ಹತ್ತಲಿಲ್ಲ. ಬಸ್ಸು ಹೋಯಿತು. ಹಿಂದೆ ನಿಂತಿದ್ದ ನನ್ನನ್ನೂ ಬಿಟ್ಟೇ ಹೋಯಿತು!

ಅವರ ಕೈಚೀಲದಲ್ಲಿ ಸದಾ ಒಂದು ಬಾಟಲಿ ಸಾಬೂನು ನೀರು, ಒಂದು ಗಡ್ಡ ಹೆರೆಯುವ ಬ್ರಷ್. ಟ್ಯಾಂಕ್ ಖಾಲಿ ಮಾಡಿಸಿ, ಬಾಯಿಗಳನ್ನೆಲ್ಲ ಮುಚ್ಚಿ, ಸೈಕಲ್ ಪಂಪಿನಿಂದ ಚೂರೇ ಚೂರು ಗಾಳಿ ಹಾಕಿ, ಟ್ಯಾಂಕಿನ ಮೈಗೆಲ್ಲ ಸಾಬೂನು ನೀರು ಬಳಿಯುತ್ತಾರೆ. ತೂತಿದ್ದಲ್ಲಿ ಗುಳ್ಳೆ ಏಳುತ್ತದೆ. ಇದು ದೋಣಿಗೆ ಸರಿ. ಕೋಟದ ಒಂದು ಮದುವೆಯಲ್ಲಿ ಊಟದ ಹೊತ್ತಿಗೆ ಕಾಣೆಯಾದರಲ್ಲ ಎಂದು ಹುಡುಕಿದರೆ, ಅಡುಗೆಯವರ ಗ್ಯಾಸ್ ಸಿಲಿಂಡರಿಗೆ ನೊರೆ ಹಚ್ಚುತ್ತಾ ಕೂತಿದ್ದರು! ಅಡುಗೆ ಭಟ್ಟರು ಸೌಟು ಹಿಡಿದುಕೊಂಡೇ ಕೂಗಿದರು: "ಹ್ವಾಯ್, ನೀವ್ ಉಂಬುಕ್ ಬಂದದ್ದಾ, ಸಿಲಿಂಡರಿಗೆ ಮೀಸುಕ್ ಬಂದದ್ದಾ?" ಗುಳ್ಳೆ ಒಂದೂ ಏಳಲಿಲ್ಲ. ಆದರೂ ಮಾವಯ್ಯ ಊಟಕ್ಕೆ ಕೂತದ್ದು ಬಾಗಿಲ ಪಕ್ಕದಲ್ಲೇ, ಒಂದು ಕಾಲು ಹೊರಗಿಟ್ಟು.

ನಗಬೇಡಿ, ಕಸುಬಿನಲ್ಲಿ ಅವರಷ್ಟು ನಂಬಿಕಸ್ಥರು ಇನ್ನೊಬ್ಬರಿಲ್ಲ. ಅಲ್ಯುಮಿನಿಯಂ ಟ್ಯಾಂಕ್ ತುಕ್ಕು ಹಿಡಿಯುವುದಿಲ್ಲ ಎಂದು ನಂಬಿ ಬಹಳ ಜನ ಹಾಕಿಸಿದ್ದಾರಲ್ಲ, ಅದು ಮೇಲಿನಿಂದ ನೋಡಿದರೆ ಇಪ್ಪತ್ತು ವರ್ಷವಾದರೂ ಫಳಫಳ ಹೊಳೆಯುತ್ತದೆ. ಕೆಡುವುದು ಬುಡದಲ್ಲಿ. ಉಪ್ಪುನೀರಿನ ಪಸೆ ನಿಂತಲ್ಲೆಲ್ಲ ಬಿಳಿ ಹಿಟ್ಟು ಹಿಟ್ಟಾಗಿ ಒಳಗೊಳಗೇ ತಿಂದುಹೋಗುತ್ತದೆ. ಆಮೇಲೆ ಡೀಸೆಲ್ ಸೋರಿ, ಅಥವಾ ಡೀಸೆಲಿಗೆ ನೀರು ಸೇರಿ, ದಡ ಕಾಣದ ಜಾಗದಲ್ಲಿ ಎಂಜಿನ್ ನಿಲ್ಲುತ್ತದೆ. ಗಾಳಿ ಎದ್ದಿದ್ದರೆ ಮುಂದಿನದನ್ನು ಹೇಳುವುದು ಬೇಡ. ಮಾವಯ್ಯ ಮಾತ್ರ ಅದನ್ನೂ ಬಿಡಿಸಿ ಬಿಡಿಸಿ ಹೇಳುತ್ತಾರೆ.

ಹೇಳುವುದಾದರೂ ಯಾರಿಗೆ? ಅದೇ ಅವರ ವಿಚಿತ್ರ. ಪರೀಕ್ಷೆಯ ಫಲಿತಾಂಶವನ್ನು ದೋಣಿಯ ಯಜಮಾನನಿಗೆ ಹೇಳುವುದಿಲ್ಲ. ನೇರ ಅವನ ಮನೆಗೆ ಹೋಗಿ, ಚಾ ಕುಡಿದು, ಅವನ ಹೆಂಡತಿಗೋ ತಾಯಿಗೋ ಹೇಳುತ್ತಾರೆ! "ಗಂಡಸ್ರಿಗ್ ಹೇಳ್ರೆ 'ಇದೊಂದ್ ವರ್ಷ ನಡಿತ್ತ್ ಬಿಡಿ' ಅಂತ್ರ್. ಹೆಂಗಸ್ರಿಗ್ ಹೇಳ್ರೆ ದೋಣಿ ಅಲ್ಲೇ ಖತಂ, ನಿಂತ್ತ್" ಎಂಬುದು ಅವರ ಲೆಕ್ಕಾಚಾರ. ಕೊಡೇರಿಯ ಒಬ್ಬರ ಹೆಂಡತಿ ಇವರ ಮಾತು ಕೇಳಿ ಎಂಜಿನ್ ಕೀಯನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರಂತೆ. ಹೊಸ ಟ್ಯಾಂಕ್ ಕೂತ ಮೇಲೆಯೇ ಕೀ ಸಿಕ್ಕಿದ್ದು. ಮಾವಯ್ಯ ಕೊಡೆ ಹಿಡಿದು ಯಾವುದಾದರೂ ಮೀನುಗಾರರ ಮನೆಯ ದಣಪೆ ದಾಟಿದರೆ ಒಳಗಿನ ಗಂಡಸಿನ ಮುಖ ಬಿಳಿಚಿಕೊಳ್ಳುತ್ತದೆ.

ನನಗೂ ಈ ಭಯ ಹೊಸದಲ್ಲ. ನಾನು ಶಾಲೆಯಲ್ಲಿ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ನಮ್ಮನೆಯವರದು ಗಂಗೊಳ್ಳಿಯಲ್ಲಿ ಒಂದು ಫೈಬರ್ ದೋಣಿ. ಅವರು ಕಡಲಿಗೆ ಹೋದ ದಿನ ಕಿಟಕಿಯಾಚೆ ತೆಂಗಿನ ಗರಿ ಸ್ವಲ್ಪ ಹೆಚ್ಚು ಅಲುಗಿದರೂ ನನ್ನ ಎದೆ ಡವಡವ ಎನ್ನುತ್ತದೆ. ಭಾಗಾಕಾರದ ನಡುವೆ ಎಷ್ಟು ಸಲ ಶೇಷ ಮರೆತಿದ್ದೇನೋ!

ಈ ಮಳೆಗಾಲ, ಮೀನುಗಾರಿಕೆಗೆ ರಜೆಯಿದ್ದಾಗ, ಮಾವಯ್ಯ ನಮ್ಮ ದೋಣಿಯ ಟ್ಯಾಂಕ್ ನೋಡಿದರು. ಸಂಜೆ ಕೊಡೆ ಮಡಚುತ್ತಾ ನಮ್ಮ ಜಗಲಿ ಹತ್ತಿದರು. ನಾನು ಚಾ ತಂದಿಟ್ಟು ಎದುರಿಗೇ ಕೂತೆ. ಅವರು ಚಾ ಕುಡಿದರು. ಮಳೆಯ ಸುದ್ದಿ ಹೇಳಿದರು. ಹಲಸಿನ ಹಪ್ಪಳ ಕೇಳಿ ತಿಂದರು. ಟ್ಯಾಂಕಿನ ಸುದ್ದಿಯೇ ಇಲ್ಲ. ನಾನೇ ಬಾಯಿಬಿಟ್ಟೆ.

"ಮಾವಯ್ಯ, ಟ್ಯಾಂಕ್ ಹ್ಯಾಂಗಿತ್ತ್?"

"ಲಾಯ್ಕಿತ್ತ್" ಎಂದರು.

ಲಾಯ್ಕಿದೆ! ಚೆನ್ನಾಗಿದೆಯಂತೆ! ಅಂಗಡಿಯಿಂದ ಆಗಷ್ಟೇ ತಂದ ಟ್ಯಾಂಕನ್ನೂ 'ಪರವಾಗಿಲ್ಲ' ಎಂದವರಲ್ಲ ಇವರು. ಇಪ್ಪತ್ತು ವರ್ಷದ ಹಳೇ ಟ್ಯಾಂಕಿಗೆ ಲಾಯ್ಕಿದೆ ಎಂದರೆ ಪರಿಸ್ಥಿತಿ ಎಷ್ಟು ಕೆಟ್ಟಿರಬೇಕು ಹೇಳಿ!

ಮರುದಿನ ಶಾಲೆಗೆ ರಜೆ ಹಾಕಿ ಗಂಗೊಳ್ಳಿಗೆ ಹೋದೆ. ನಮ್ಮ ದೋಣಿಯ ಮೇಲೆ ತಾಡಪಾಲು ಕಟ್ಟಿತ್ತು. ಅದರ ಅಡಿಯಲ್ಲಿ ದೋಣಿಯ ಮೇಲುಹಾಸನ್ನು ಚೌಕವಾಗಿ ಕೊಯ್ದಿದ್ದರು. ಒಳಗಿನಿಂದ ಎರಡು ಕಾಲು ಮಾತ್ರ ಮೇಲೆ ಕಾಣುತ್ತಿದ್ದವು. ಕಾಲು ಮಾವಯ್ಯನದು! ಲಿಫ್ಟಿಗೆ ಹೆದರಿ ಐದು ಮಹಡಿ ಮೆಟ್ಟಿಲು ಹತ್ತುವ ಮನುಷ್ಯ, ಉಸಿರಾಡಲೂ ಜಾಗವಿಲ್ಲದ ಆ ಗೂಡಿನೊಳಗೆ ತಲೆಕೆಳಗಾಗಿ ಇಳಿದಿದ್ದರು. ಪಕ್ಕದಲ್ಲಿ ಹಳೇ ಟ್ಯಾಂಕ್ ಮಗುಚಿ ಬಿದ್ದಿತ್ತು. ಅದು ಅಲುಗಾಡಿ ಸದ್ದು ಮಾಡುತ್ತದೆಂದು ನಮ್ಮನೆಯವರು ಯಾವಾಗಲೋ ಹರಿದ ಬಲೆಯನ್ನು ಉಂಡೆ ಮಾಡಿ ಬುಡಕ್ಕೆ ತುರುಕಿದ್ದರಂತೆ. ಬಲೆ ಉಪ್ಪುನೀರು ಹೀರಿ ವರ್ಷಗಟ್ಟಲೆ ಒದ್ದೆಯಾಗಿಯೇ ಕೂತಿತ್ತು. ನಾನು ಬುಡಕ್ಕೆ ಬೆರಳು ಒತ್ತಿದೆ. ಬೆರಳು ಒಳಗೇ ಹೋಯಿತು.

ನಾನು ಪಕ್ಕದಲ್ಲಿ ನಿಂತಿದ್ದ ನಮ್ಮನೆಯವರ ಮುಖ ನೋಡಿದೆ. ಅವರು ನೆಲ ನೋಡಿದರು. ಹೋದ ವರ್ಷವಿಡೀ ಇದನ್ನೇ ನಂಬಿ ಕಡಲಿಗೆ ಹೋಗಿದ್ದರಲ್ಲ!

"ಮಾವಯ್ಯ! ನಂಗ್ ಸುಳ್ಳ್ ಹೇಳ್ದ್ರಿ ಅಲ್ದಾ?" ಎಂದು ಕೂಗಿದೆ.

ಗೂಡಿನೊಳಗಿನಿಂದ ಉತ್ತರ ಬಂತು: "ಮಳೆಗ್ ನಿಲ್ಬೇಡ ಹೆಣೆ, ಶೀತ ಆತ್ತ್!"

ಹೊಸ ಟ್ಯಾಂಕ್ ದಪ್ಪ ತಗಡಿನದು. ಅಡಿಯಲ್ಲಿ ಗಾಳಿ ಆಡುವಂತೆ, ನೀರು ನಿಲ್ಲದಂತೆ ಪಟ್ಟಿ ಕೊಟ್ಟು ಕೂರಿಸಿದರು. ರಜೆ ಮುಗಿದ ಮೇಲೆ ಒಂದು ಬೆಳಿಗ್ಗೆ ನಮ್ಮನೆಯವರು ಪರೀಕ್ಷೆಗೆಂದು ದೋಣಿ ಹೊರಡಿಸಿದರು. ನಾನೂ ಮಾವಯ್ಯನೂ ದೋಣಿ ಕಟ್ಟುವ ದಕ್ಕೆಯ ಮೇಲೆ ನಿಂತೆವು. ದೋಣಿ ಅಳಿವೆಯ ಬಾಯಿಗೆ ಹೋಯಿತು. ಎಂಜಿನ್ನಿನ ಸದ್ದು ಸಣ್ಣದಾಗುತ್ತಾ ಹೋಗಿ, ಇದ್ದಕ್ಕಿದ್ದಂತೆ ನಿಂತೇಬಿಟ್ಟಿತು.

ಅಲೆಯ ಮೇಲೆ ದೋಣಿ ಅಡ್ಡಡ್ಡ ತಿರುಗುತ್ತಿತ್ತು. ಪಕ್ಕಕ್ಕೆ ತಿರುಗಿದರೆ ಮಾವಯ್ಯ ಇಲ್ಲ! ಮೆಟ್ಟಿಲಿಳಿದು ಪಂಚೆ ಸಮೇತ ನೀರಿಗಿಳಿದಿದ್ದರು. ನೀರು ಸೊಂಟಕ್ಕೆ ಬಂದಿತ್ತು. ಈಜು ಬಾರದ ಮನುಷ್ಯ! ಓಡಿಹೋಗಿ ಅಂಗಿ ಹಿಡಿದು ಎಳೆದೆ.

"ಎಂತ ಮಾಡ್ತ್ರಿ ಮಾವಯ್ಯ? ಅಷ್ಟ್ ದೂರ ನಡ್ಕಂಡ್ ಹೋತ್ರಿಯಾ?"

ಅವರು ಇನ್ನೊಂದು ಹೆಜ್ಜೆ ಮುಂದಿಟ್ಟರು.

ಆಗ ಎಂಜಿನ್ ಮತ್ತೆ ಶುರುವಾಯಿತು. ದೋಣಿ ತಿರುಗಿ ನೆಟ್ಟಗೆ ಬಂದು ದಕ್ಕೆಗೆ ತಾಗಿತು. "ಎಂತ ಆಯ್ತ್? ಎಂಜಿನ್ ಎಂತಕ್ ನಿಂತದ್ದ್?" ಎಂದು ನಾನು ಕಿರುಚಿದೆ.

ನಮ್ಮನೆಯವರು ಕಕ್ಕಾಬಿಕ್ಕಿಯಾದರು. "ನಿಂತದ್ದಲ್ಲ, ನಾನೇ ನಿಲ್ಸದ್ದ್. ಅಳಿವೆ ಹತ್ರ ನಿಲ್ಸಿ ಟ್ಯಾಂಕಿನ್ ಬುಡ ಮುಟ್ಟಿ ಕಾಣ್ಕ್ ಅಂದೇಳಿ ನಿನ್ನೆ ಮಾವಯ್ಯನೇ ಹತ್ತ್ ಸಲ ಹೇಳೀರಲೇ. ಒಣಗಿತ್ತ್, ಒಂದ್ ಹನಿಯೂ ಇಲ್ಲ."

ಹೇಳಿದವರೇ ಮರೆತಿದ್ದರು! ನನಗೆ ನಗು ಬಂತು, ಅಳುವೂ ಬಂತು. ಮಾವಯ್ಯ ಒದ್ದೆ ಪಂಚೆಯಲ್ಲಿ ಮೆಟ್ಟಿಲ ಮೇಲೆ ಕುಸಿದು ಕೂತರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು:

"ಎಷ್ಟ್ ಮನಿಗ್ ಹೋಯಿ ಹೇಳಿದೆ ಹೆಣೆ. ಹೆಂಗಸ್ರ್ ಮುಖ ಸಣ್ಣದಾಪ್ದ್ ಕಂಡೂ ಹೇಳಿದೆ. ನಿನ್ ಜಗಲಿ ಹತ್ತಿ ಕೂಕಂಡ್ರೆ ನಾಲ್ಗಿಯೇ ಏಳ್ಲಿಲ್ಲ."

ನಾನು ಅವರ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. ಎಂಜಿನ್ ಆರಿಸಿ, ಹಗ್ಗ ಕಟ್ಟಿ, ನಮ್ಮನೆಯವರು ದಕ್ಕೆಗೆ ಕಾಲಿಟ್ಟರು. ಆಮೇಲೂ ಸುಮಾರು ಹೊತ್ತು ಮಾವಯ್ಯ ನನ್ನ ಕೈ ಬಿಡಲಿಲ್ಲ.